ದೃಷ್ಟಿಕಾಯಿಯ ಬಳ್ಳಿ

ಅಮಾವಾಸ್ಯೆಯ ಸಂಜೆ ನಮ್ಮ ಅಪಾರ್ಟ್‌ಮೆಂಟಿನ ಗೇಟಿನ ಮುಂದೆ ಬೂದುಗುಂಬಳಕಾಯಿ ಒಡೆಯುತ್ತಾರೆ. ಹುಳಿಮಾವಿನ ಈ ಕಟ್ಟಡಕ್ಕೆ ನಾನು ಬಂದ ಮೇಲೆ ಒಂದು ತಿಂಗಳೂ ತಪ್ಪದೆ ನಡೆದಿರುವ ಪೂಜೆ ಇದೊಂದೇ. ಸೆಕ್ಯೂರಿಟಿಯವರು ಕಾಯಿಗೆ ತೂತು ಕೊರೆದು, ಕುಂಕುಮ ತುಂಬಿ, ಮೇಲೆ ಕರ್ಪೂರ ಹಚ್ಚಿ, ಗೇಟಿಗೆ ಇಳಿತೆಗೆದು ರಸ್ತೆಗೆ ಎತ್ತಿಹಾಕುತ್ತಾರೆ. ಅದು ಬಿದ್ದ ಸದ್ದು ಅಡಗುವ ಮೊದಲೇ ಹೌಸ್‌ಕೀಪಿಂಗಿನ ಹೆಂಗಸು ಬಂದು ಚೂರುಗಳನ್ನೆಲ್ಲ ಕಪ್ಪು ಪ್ಲಾಸ್ಟಿಕ್ ಚೀಲಕ್ಕೆ ತುಂಬಿ, ನೆಲಕ್ಕೆ ಫಿನೈಲ್ ಸುರಿಯುತ್ತಾಳೆ. ಎಲ್ಲ ಬಹಳ ಎಫಿಶಿಯೆಂಟ್. ಕಾಯಿ ಒಡೆಯುವುದಕ್ಕೂ ಫಿನೈಲ್ ಬೀಳುವುದಕ್ಕೂ ನಡುವೆ ಸ್ವಲ್ಪ ಹೊತ್ತು ಒಂದು ವಾಸನೆ ಗಾಳಿಯಲ್ಲಿ ನಿಂತಿರುತ್ತದೆ. ಎಳೆಸೌತೆಯದಲ್ಲ, ಹಸಿ ಹುಲ್ಲಿನದೂ ಅಲ್ಲ. ನೆರಳಿನಲ್ಲಿರುವ ಸಿಮೆಂಟ್ ತೊಟ್ಟಿಯ ಮುಚ್ಚಳ ತೆಗೆದಾಗ ಬರುವಂಥ ತಣ್ಣನೆಯ ವಾಸನೆ. ನಾನು ವಾಕಿಂಗ್ ಮುಗಿಸಿ ಬರುವ ಹೊತ್ತು ಸರಿಯಾಗಿ ಅದೇ ಆಗಿರುವುದರಿಂದ ಅಲ್ಲಿ ನಿಲ್ಲುತ್ತೇನೆ. ಮೊಣಕಾಲು ನೋವಿಗೆ ನಿಂತಿದ್ದೇನೆಂದು ಸೆಕ್ಯೂರಿಟಿಯವರು ಕುರ್ಚಿ ತಂದುಕೊಡುತ್ತಾರೆ.

ತೊಂಬತ್ತರ ದಶಕ ಮುಗಿಯುತ್ತ ಬಂದಾಗ ನಾವು ಬಿಟಿಎಂ ಲೇಔಟಿನಲ್ಲಿದ್ದೆವು. ನಾವೆಂದರೆ ನಾನು ಮತ್ತು ನಮ್ಮ ಯಜಮಾನರು. ಅವರು ಸರ್ಕಾರಿ ಕಚೇರಿಯಿಂದ ರಿಟೈರ್ ಆಗಿದ್ದರು, ಮಗಳ ಮದುವೆಯಾಗಿತ್ತು. ಸೈಟಿನ ಅರ್ಧಕ್ಕೆ ಮನೆ ಕಟ್ಟಿಸಿ ಉಳಿದರ್ಧವನ್ನು ಹಿತ್ತಲೆಂದು ಬಿಟ್ಟಿದ್ದೆವು. ಅಲ್ಲಿ ಲಾನ್ ಮಾಡಬೇಕೆಂದು ನನಗಿತ್ತು. ಓದಿದ ಕಾನ್ವೆಂಟಿನ ಮುಂದಿನ ಲಾನ್ ಇನ್ನೂ ಕಣ್ಣಲ್ಲಿತ್ತು. ಅದರ ಮೇಲೆ ನಮ್ಮನ್ನು ಕಾಲಿಡಲು ಬಿಡುತ್ತಿರಲಿಲ್ಲವಾದ್ದರಿಂದ ಬಹುಶಃ ಆಸೆ ಉಳಿದುಕೊಂಡಿತ್ತು. ಹುಲ್ಲು ತರಿಸಿ ಹಾಕಿಸಿದ್ದೂ ಆಯಿತು. ಒಂದೇ ಬೇಸಿಗೆಗೆ ಅದು ತೆಂಗಿನ ನಾರಿನ ಹಾಗೆ ಒಣಗಿ, ಕೊನೆಗೆ ಎರಡು ಕ್ರೋಟನ್ನೂ ಒಂದು ಪೆಚ್ಚು ಗುಲಾಬಿ ಗಿಡವೂ ಉಳಿದವು.

ಆ ವರ್ಷ ಸಂಕ್ರಾಂತಿ ಕಳೆದ ಮೇಲೆ ಪದ್ಮಕ್ಕ ಬಂದರು. ಪದ್ಮಕ್ಕ ನಮ್ಮ ಯಜಮಾನರ ಅಕ್ಕ. ಮದುವೆಯಾದಾಗಿನಿಂದ ಶ್ರೀನಗರದ ಒಂದು ವಠಾರದಲ್ಲಿ ಬಾಡಿಗೆಗೆ ಇದ್ದವರು, ಮಕ್ಕಳಿಲ್ಲ. ಕಾರ್ತೀಕದಲ್ಲಿ ಭಾವನವರು ತೀರಿಕೊಂಡರು. ಮೈಸೂರಿನಲ್ಲಿರುವ ಮೈದುನ ನಮ್ಮಲ್ಲಿಗೆ ಬನ್ನಿ ಅಂದರು, ನಮ್ಮ ಯಜಮಾನರು ನಮ್ಮಲ್ಲಿಗೆ ಬಾ ಅಂದರು. ಪದ್ಮಕ್ಕ ಇಬ್ಬರಿಗೂ ಆಗಲಿ ಎನ್ನಲಿಲ್ಲ, ಇಲ್ಲ ಎನ್ನಲೂ ಇಲ್ಲ. “ಬೇಸಿಗೆ ಕಳೀಲಿ, ನೋಡೋಣ” ಎಂದು ಒಂದು ಟ್ರಂಕು, ಒಂದು ಹಾಸಿಗೆ ಸುರುಳಿ ತೆಗೆದುಕೊಂಡು ಆಟೋದಲ್ಲಿ ಬಂದಿಳಿದರು. ಆ ಬೇಸಿಗೆ ಒಂದು ಪ್ರೊಬೇಷನ್ ಎಂಬುದು ಮೂವರಿಗೂ ಗೊತ್ತಿತ್ತು. ಪ್ರೊಬೇಷನ್ ಯಾರದು, ಅವರದೋ ನಮ್ಮದೋ, ಅದು ಮಾತ್ರ ಸ್ಪಷ್ಟವಿರಲಿಲ್ಲ.

ಅವರಿಗೆಂದು ಬೀರುವಿನಲ್ಲಿ ಒಂದು ಖಾನೆ ಖಾಲಿ ಮಾಡಿ, ಹೊಸ ನ್ಯೂಸ್‌ಪೇಪರ್ ಹಾಸಿ, ನುಸಿಗುಳಿಗೆ ಇಟ್ಟಿದ್ದೆ. ಅವರು ಅದನ್ನು ಮುಟ್ಟಲಿಲ್ಲ. ಮಂಚದ ಕೆಳಗಿನ ಟ್ರಂಕಿನಿಂದ ಸೀರೆ ತೆಗೆದು ಉಡುವುದು, ಒಗೆದು ಒಣಗಿಸಿದ್ದನ್ನು ಮಡಿಸಿ ಮತ್ತೆ ಟ್ರಂಕಿಗೇ ಇಡುವುದು. ಹೋಟೆಲಿನಲ್ಲಿ ಇಳಿದುಕೊಂಡವರ ಹಾಗೆ. ಖಾನೆಯ ಪೇಪರ್ ಹಾಗೇ ಹಳದಿಯಾಗುತ್ತ ಹೋಯಿತು.

ಅಡುಗೆಮನೆಯಲ್ಲಿ ನಮ್ಮಿಬ್ಬರ ನಡುವೆ ಜಗಳವೇನೂ ಆಗಲಿಲ್ಲ. ಜಗಳವಾಗಿದ್ದರೆ ಸುಲಭವಿತ್ತು. ಅವರು ಹುಳಿಗೆ ಬೆಲ್ಲ ಹಾಕುವವರು, ನಾನು ಹಾಕದವಳು. ನಾನು ಹಾಕುವುದಿಲ್ಲವೆಂದು ಗೊತ್ತಾದ ಮೇಲೆ ಅವರು ತಮಗೆ ಬಡಿಸಿಕೊಂಡ ಹುಳಿಗೆ ಚೂರು ಬೆಲ್ಲ ನಂಚಿಕೊಳ್ಳುತ್ತಿದ್ದರು, ಯಾರಿಗೂ ಕಾಣದ ಹಾಗೆ. ನನಗೆ ಕಾಣುತ್ತಿತ್ತು. ನಾನು ಬೆಲ್ಲ ಹಾಕಲು ಶುರುಮಾಡಿದೆ. ಅವರು ಬೆಲ್ಲ ಬಿಟ್ಟರು. ಹೀಗೆ ಎರಡು ಕಡೆಯಿಂದಲೂ ಬಹಳ ಕರ್ಟಿಯಸ್ ಆಗಿ ನಡೆಯುತ್ತಿದ್ದಾಗ ಪದ್ಮಕ್ಕ ಒಂದು ದಿನ ಅಡುಗೆಮನೆಯ ಹಿಂಬಾಗಿಲು ತೆಗೆದು ಹಿತ್ತಲಿಗೆ ಇಳಿದರು.

ಅವರಿಗೆ ತೋಟದ ಕೆಲಸ ಗೊತ್ತಿರಲಿಲ್ಲ. ವಠಾರದಲ್ಲಿ ತುಳಸಿ ಕುಂಡ ಇಟ್ಟಿದ್ದು ಬಿಟ್ಟರೆ ಮಣ್ಣು ಮುಟ್ಟಿದವರಲ್ಲ. ಆದರೂ ಸತ್ತ ಲಾನನ್ನು ಕುಡುಗೋಲಿನಿಂದ ಕೆರೆದು ತೆಗೆದರು, ಸಣ್ಣ ಗುದ್ದಲಿಯಲ್ಲಿ ಪಾತಿ ಮಾಡಿದರು. ಲಾಲ್‌ಬಾಗ್ ಹತ್ತಿರದ ಬೀಜದಂಗಡಿಯಿಂದ ಬೆಂಡೆ, ಬದನೆ, ದಂಟು, ಹೀರೆ ತಂದುಕೊಡುವ ಕೆಲಸ ತಮ್ಮನಿಗೆ ಬಿತ್ತು. ಕಾವೇರಿ ನೀರು ಒಂದು ದಿನ ಬಂದರೆ ಒಂದು ದಿನ ಇಲ್ಲ. ಅಕ್ಕಿ ತೊಳೆದದ್ದು, ಬೇಳೆ ತೊಳೆದದ್ದು, ಸೊಪ್ಪು ತೊಳೆದದ್ದು, ಎಲ್ಲವನ್ನೂ ಅವರು ಬಕೆಟ್ಟಿನಲ್ಲಿ ಕೂಡಿಡುತ್ತಿದ್ದರು. ನನ್ನ ಅಡುಗೆಮನೆ ಇದ್ದಕ್ಕಿದ್ದಂತೆ ಹಿತ್ತಲಿನ ಒಂದು ಡಿಪಾರ್ಟ್‌ಮೆಂಟ್ ಆಗಿಬಿಟ್ಟಿತು. ದಂಟು ಮೊದಲು ಬಂತು, ನೆಲದ ಮೇಲೆ ಕೆಂಪು ಪುಡಿ ಚೆಲ್ಲಿದ ಹಾಗೆ. ಆಮೇಲೆ ಬೆಂಡೆ. ಹೀರೆಯನ್ನು ನೀರಲ್ಲಿ ನೆನೆಸಿಡದೆ ಹಾಕಿದ್ದರಿಂದ ಅದು ಬರುವುದೇ ಇಲ್ಲವೆಂದು ಕೈಬಿಟ್ಟ ಮೇಲೆ ಬಂತು. ಬದನೆಯ ಸಸಿಗಳನ್ನು ಎಲ್ಲೋ ಓದಿದ ನೆನಪಿನಿಂದ ನಾನೇ ಕಿತ್ತು ದೂರ ದೂರ ನೆಟ್ಟೆ. ಅರ್ಧ ಸತ್ತವು. ಪದ್ಮಕ್ಕ ಸತ್ತವುಗಳ ಜಾಗದಲ್ಲಿ ಕೊತ್ತಂಬರಿ ಹಾಕಿದರು.

ಎದುರುಮನೆಯ ಮಹಡಿಗೆ ಆಗಷ್ಟೇ ಒಂದು ಸಂಸಾರ ಬಾಡಿಗೆಗೆ ಬಂದಿತ್ತು. ಗದಗದ ಕಡೆಯವರು. ಗಂಡ ರಾಘು ಯಾವುದೋ ಪ್ರೈವೇಟ್ ಕಂಪನಿಯಲ್ಲಿದ್ದ, ಹೆಂಡತಿ ಶಾಂತಾ. ಇಬ್ಬರಿಗೂ ಮೂವತ್ತರೊಳಗಿನ ವಯಸ್ಸು. ಫೆಬ್ರವರಿಯ ಒಂದು ಶುಕ್ರವಾರ ರಾಘು ಸೆಕೆಂಡ್ ಹ್ಯಾಂಡಿನ ಬಿಳೀ ಕಾರೊಂದನ್ನು ತಂದು ನಮ್ಮಿಬ್ಬರ ಗೇಟುಗಳ ನಡುವೆ ನಿಲ್ಲಿಸಿ ಪೂಜೆ ಮಾಡಿಸಿದ. ಬೀದಿಯವರೆಲ್ಲ ಹೊರಗೆ ಬಂದಿದ್ದರು. ಪದ್ಮಕ್ಕ ಮಾತ್ರ ಕಿಟಕಿಯ ಒಳಗೆ ನಿಂತು ನೋಡಿದರು. ಭಾವನವರು ಹೋಗಿ ವರ್ಷ ತುಂಬುವ ತನಕ ಶುಭಕಾರ್ಯದ ಎದುರಿಗೆ ಬರುವುದಿಲ್ಲ, ತಮ್ಮನ ಮನೆ ಬಿಟ್ಟು ಬೇರೆ ಯಾರ ಮನೆಯ ಹೊಸಿಲನ್ನೂ ತುಳಿಯುವುದಿಲ್ಲ ಎಂದು ಅವರು ತಮಗೆ ತಾವೇ ಹಾಕಿಕೊಂಡ ಕಟ್ಟು. ಬೂದುಗುಂಬಳಕಾಯಿ ಒಡೆಯಿತು, ಚಕ್ರದ ಕೆಳಗೆ ನಿಂಬೆಹಣ್ಣು ಅಪ್ಪಚ್ಚಿಯಾಯಿತು, ಗಂಡ ಹೆಂಡತಿ ಕಾರು ಹತ್ತಿ ಬನಶಂಕರಿ ದೇವಸ್ಥಾನಕ್ಕೆ ಹೊರಟರು. ರಸ್ತೆ ಖಾಲಿಯಾದ ಮೇಲೆ ಪದ್ಮಕ್ಕ ಪೊರಕೆ ಹಿಡಿದು ಹೊರಬಂದು ಚೂರುಗಳನ್ನೆಲ್ಲ ಗುಡಿಸಿ, ಮೊರದಲ್ಲಿ ತುಂಬಿ, ಹಿತ್ತಲಿನ ಗೊಬ್ಬರದ ಗುಂಡಿಗೆ ಸುರಿದರು. ಯಾರಾದರೂ ಸ್ಕೂಟರಿನಲ್ಲಿ ಬಂದು ಜಾರಿ ಬಿದ್ದರೆ ಗತಿಯೇನು ಅಂದರು. ಅಷ್ಟೇ ನಡೆದದ್ದು.

ಶಿವರಾತ್ರಿ ಕಳೆಯುವಷ್ಟರಲ್ಲಿ ಗುಂಡಿಯ ಅಂಚಿನಿಂದ ಒಂದು ಬಳ್ಳಿ ಎದ್ದಿತು. ನಾವು ಬಿತ್ತಿದ್ದೆಲ್ಲ ಉಪಚಾರ ಕೇಳುತ್ತಿದ್ದಾಗ ಇದು ಯಾರನ್ನೂ ಏನೂ ಕೇಳದೆ ಬೆಳೆಯಿತು. ಬದನೆಯ ಎಲೆಗೆ ಹುಳ, ಬೆಂಡೆಗೆ ಹೇನು, ಹೀರೆಗೆ ಬಿಸಿಲು. ಈ ಬಳ್ಳಿ ಮಾತ್ರ ದಿನಕ್ಕೊಂದು ಗೇಣು ಮುಂದೆ ಹೋಗಿ ಹೋಳಿ ಹುಣ್ಣಿಮೆಯ ಹೊತ್ತಿಗೆ ಕಾಂಪೌಂಡ್ ಗೋಡೆ ಹತ್ತಿತ್ತು. ಪದ್ಮಕ್ಕ ಸೌತೆ ಇರಬೇಕು ಅಂದಿದ್ದರು. ಎಲೆಯ ಮೇಲಿನ ಚುಚ್ಚುವ ಸುಂಕು ನೋಡಿ ನಮ್ಮ ಕಸ ಗುಡಿಸುವವಳು ಬೂದುಗುಂಬಳ ಅಂದಳು. ಎಲ್ಲಿಂದ ಬಂತೆಂದು ಹೊಳೆದದ್ದು ಯಜಮಾನರಿಗೆ. ಪೇಪರ್ ಮಡಿಸಿ ಬಂದು ಬಳ್ಳಿಯನ್ನೊಮ್ಮೆ, ಗೇಟಿನಾಚೆಯ ಕಾರನ್ನೊಮ್ಮೆ ನೋಡಿ, “ಅಕ್ಕ, ಇದು ಆ ಕಾರಿನ ಮಗು ಕಣೇ” ಅಂದರು.

ಪದ್ಮಕ್ಕ ನಗಲಿಲ್ಲ. ದೃಷ್ಟಿ ತೆಗೆದು ಬಿಸಾಡಿದ ಕಾಯಿ ಅದು. ಅದನ್ನು ದಾಟಬಾರದು, ಮುಟ್ಟಿದರೆ ಕೈ ತೊಳೆಯಬೇಕು. ಅದರ ಬೀಜದ ಬಳ್ಳಿಯನ್ನು ಮನೆಯಲ್ಲಿ ಇಟ್ಟುಕೊಳ್ಳಬಹುದೋ, ಅದರ ಕಾಯಿ ತಿನ್ನಬಹುದೋ, ಹೇಳುವವರು ಯಾರೂ ಇರಲಿಲ್ಲ. ಗಾಂಧಿ ಬಜಾರಿನ ಪುರೋಹಿತರೊಬ್ಬರನ್ನು ಯಜಮಾನರು ಕೇಳಿಕೊಂಡು ಬಂದರು. ಹೀಗೆ ಯಾರೂ ಇದುವರೆಗೆ ಕೇಳಿಲ್ಲ ಅಂದರಂತೆ ಅವರು. ಪದ್ಮಕ್ಕ ಎರಡು ದಿನ ಬಳ್ಳಿಗೆ ನೀರು ಹಾಕಲಿಲ್ಲ. ಮೂರನೆಯ ದಿನ ಅಕ್ಕಿ ತೊಳೆದ ನೀರನ್ನು ಬೆಂಡೆಯ ಪಾತಿಯ ತನಕ ಒಯ್ದವರು ಅಲ್ಲಿಂದ ಹಾಗೇ ಮುಂದೆ ಹೋಗಿ ಗೋಡೆಯ ಬುಡಕ್ಕೆ ಸುರಿದರು. “ತಾನಾಗೇ ಬಂದಿದೆ, ಯಾಕೆ ಕೀಳಬೇಕು” ಅಂದರು, ನನಗಲ್ಲ, ಬಕೆಟ್ಟಿಗೆ.

ಬಳ್ಳಿ ಹೂ ಬಿಟ್ಟಿತು, ಆದರೆ ಕಾಯಿ ಕಚ್ಚಲಿಲ್ಲ. ಸಣ್ಣ ಹೀಚು ಕಾಣಿಸುವುದು, ಹಳದಿಯಾಗುವುದು, ಉದುರುವುದು. ಪದ್ಮಕ್ಕನ ಮುಖ ಸಪ್ಪಗಾಯಿತು. ಯಾರೋ ಬೆರಳು ತೋರಿಸಿರಬೇಕು ಅಂದರು. ಎಳೆಗಾಯಿಗೆ ಬೆರಳು ಮಾಡಿ ತೋರಿಸಿದರೆ ಕೊಳೆತುಹೋಗುತ್ತದೆ, ಬೆರಳು ಮಡಿಸಿ ಗೆಣ್ಣಿನಿಂದ ತೋರಿಸಬೇಕು ಎಂಬುದು ಅವರ ಶಾಸ್ತ್ರ. ನನ್ನ ಶಾಸ್ತ್ರ ಬೇರೆ. ನಾನು ಬಾಟನಿ ಓದಿದವಳು. ಈ ಜಾತಿಯ ಬಳ್ಳಿಯಲ್ಲಿ ಗಂಡು ಹೂ ಬೇರೆ, ಹೆಣ್ಣು ಹೂ ಬೇರೆ, ಜೇನ್ನೊಣ ಬರದಿದ್ದರೆ ನಾವೇ ಮಾಡಬೇಕು ಎಂದು ಸಿಸ್ಟರ್ ಅಗಾಥಾ ಬೋರ್ಡಿನ ಮೇಲೆ ಚಿತ್ರ ಬರೆದು ಹೇಳಿಕೊಟ್ಟಿದ್ದರು. ಮೂವತ್ತೈದು ವರ್ಷದಿಂದ ಯಾವುದಕ್ಕೂ ಉಪಯೋಗಕ್ಕೆ ಬಾರದೆ ಬಿದ್ದಿದ್ದ ವಿದ್ಯೆ. ಬೆಳಿಗ್ಗೆ ಹೂ ಅರಳಿದಾಗ ಒಂದು ಗಂಡು ಹೂವನ್ನು ಕಿತ್ತು, ಎಸಳು ಬಿಡಿಸಿ, ಹೆಣ್ಣು ಹೂವಿನೊಳಗೆ ಮೆಲ್ಲಗೆ ಸವರಿದೆ. ಪದ್ಮಕ್ಕ ಸೆರಗನ್ನು ಬಾಯಿಗೆ ಹಿಡಿದುಕೊಂಡು ನೋಡುತ್ತಿದ್ದರು.

“ಇದನ್ನೂ ನಿಮ್ಮ ನನ್‌ಗಳೇ ಹೇಳಿಕೊಟ್ಟರೇನೇ ವಿಮಲಾ?”

“ಹೌದು ಪದ್ಮಕ್ಕ. ಸಿಸ್ಟರ್ ಅಗಾಥಾ ಅಂತ.”

“ಅವರಿಗೆ ಹೇಗೆ ಗೊತ್ತಂತೆ?”

ಯಜಮಾನರು ವರಾಂಡದಿಂದ ಲಗ್ನಪತ್ರಿಕೆ ಪ್ರಿಂಟ್‌ಗೆ ಕೊಡಲೇ ಎಂದು ಕೇಳಿದರು. ಆ ಹೀಚು ಉದುರಲಿಲ್ಲ. ನಿಂಬೆಹಣ್ಣಿನಷ್ಟಾಯಿತು, ಮೈತುಂಬ ರೋಮದೊಂದಿಗೆ ಕಿತ್ತಳೆಯಷ್ಟಾಯಿತು. ಪದ್ಮಕ್ಕ ತಮ್ಮ ಹಳೆಯ ಸೀರೆಯ ತುಂಡನ್ನು ಸುತ್ತಿ ಸಿಂಬಿ ಮಾಡಿ, ನೆಲಕ್ಕೆ ತಾಗದ ಹಾಗೆ ಕಾಯಿಯನ್ನು ಅದರ ಮೇಲೆ ಕೂರಿಸಿದರು. ಟ್ರಂಕಿನಿಂದ ಹೊರಬಂದು ಟ್ರಂಕಿಗೆ ವಾಪಸು ಹೋಗದ ಮೊದಲ ವಸ್ತು ಅದು.

ರಾಮನವಮಿಯ ಪಾನಕ ಕುಡಿದ ವಾರವೇ ರಾಘುವಿನ ಕಾರು ಹೊಸೂರು ರಸ್ತೆಯಲ್ಲಿ ಲಾರಿಯ ಹಿಂಭಾಗಕ್ಕೆ ಗುದ್ದಿತು. ಕಾರಿನ ಮೂತಿ ಜಜ್ಜಿತು, ರಾಘುವಿನ ಬಲಗಾಲು ಮುರಿಯಿತು. ಕೆಲಸ ಇನ್ನೂ ಕನ್‌ಫರ್ಮ್ ಆಗಿರಲಿಲ್ಲ. ಪ್ಲಾಸ್ಟರ್ ಹಾಕಿ ಮನೆಗೆ ಕರೆತಂದ ಮರುದಿನ ಶಾಂತಾ ನಮ್ಮ ಮನೆಗೆ ಬಂದಳು. ಕಾಫಿ ಬೇಡವೆಂದಳು, ಕೂರಲೂ ಒಲ್ಲೆಂದಳು.

“ತಪ್ಪು ತಿಳ್ಕೋಬ್ಯಾಡ್ರಿ ಆಂಟಿ. ಆ ಬಳ್ಳಿ ಕಿತ್ತು ಹಾಕಿಸ್ರಿ.”

ಯಾವ ಬಳ್ಳಿ ಎಂದು ನಾನು ಕೇಳಬಾರದಿತ್ತು, ಕೇಳಿದೆ.

“ನಿಮಗ ಗೊತ್ತದ ಅಲ್ರಿ. ಅಂಕಲ್ಲೇ ನಮ್ಮ ಮನಿಯವ್ರಿಗೆ ಹೇಳಿ ನಕ್ಕಾರ, ಕಾರಿನ ಮಗು ಅಂತ. ದೃಷ್ಟಿ ಹೋಗ್ಲಿ ಅಂತ ಒಡದ ಕಾಯಿ ಅದು. ಹೋಗಿಲ್ಲ ಅದು. ನಿಮ್ಮ ಹಿತ್ತಲದಾಗ ಕೂತು ಬೆಳೀಲಿಕತ್ತದ. ನೀವು ನೀರು ಹಾಕಿ ಬೆಳಸ್ಲಿಕತ್ತೀರಿ. ಊರಿಂದ ನಮ್ಮತ್ತಿ ಫೋನ್ ಮಾಡಿ ಅಳ್ತಾರ. ನಂಗ ರಾತ್ರಿ ನಿದ್ದಿ ಇಲ್ಲ.”

ಹೊಸೂರು ರಸ್ತೆಯ ಟ್ರಾಫಿಕ್ಕಿನ ಬಗ್ಗೆ, ಬ್ರೇಕ್ ಲೈಟಿಲ್ಲದ ಲಾರಿಗಳ ಬಗ್ಗೆ ನಾನು ಲಾಜಿಕಲ್ ಆಗಿ ಒಂದಿಷ್ಟು ಹೇಳಿದೆ. ಅವಳು ಗೋಡೆ ನೋಡುತ್ತ ನಿಂತಿದ್ದಳು. ಭಯಕ್ಕೆ ಲಾಜಿಕ್ ಹೇಳುವುದು ನಿದ್ದೆ ಬಾರದವರಿಗೆ ಗಂಟೆ ಎಷ್ಟೆಂದು ಹೇಳಿದಂತೆ. ಪದ್ಮಕ್ಕ ಅಡುಗೆಮನೆಯ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದರು. ನಾಳೆ ಬೆಳಿಗ್ಗೆಯ ತನಕ ತಡಿ ತಾಯಿ, ಆಮೇಲೆ ನೀನು ಹೇಳಿದ ಹಾಗೆ, ಎಂದಷ್ಟೇ ಹೇಳಿ ಒಳಗೆ ಹೋದರು.

ಆ ಸಂಜೆ ಅವರು ಹಿತ್ತಲಿಗೆ ಇಳಿಯಲಿಲ್ಲ. ಬಕೆಟ್ಟಿನ ನೀರು ಹಾಗೇ ಇತ್ತು. ವರಾಂಡಕ್ಕೆ ಬಂದು ತಮ್ಮನ ಎದುರು ನಿಂತು, “ಮೈಸೂರಿಗೆ ಒಂದು ಫೋನ್ ಮಾಡ್ಬಿಡೋ. ಬೇಸಿಗೆ ಮುಗೀತಾ ಬಂತು” ಅಂದರು.

ಅದು ಏಪ್ರಿಲ್. ರಸ್ತೆಯ ಟಾರು ಚಪ್ಪಲಿಗೆ ಅಂಟುತ್ತಿತ್ತು.

“ಈಗ ತಾನೆ ಶುರುವಾಗಿದೆ ಅಕ್ಕ,” ಅಂದರು ಇವರು.

“ಮಾಡು ಅಂದೆ.”

ಯಜಮಾನರು ಫೋನಿನ ಹತ್ತಿರ ಹೋಗಿ ಸ್ವಲ್ಪ ಹೊತ್ತು ಕೂತು ಎದ್ದು ಬಂದು ಲೈನ್ ಸಿಗುತ್ತಿಲ್ಲ ಅಂದರು. ಲೈನ್ ಸಿಗಲಿಲ್ಲವೋ ಇವರು ಡಯಲ್ ಮಾಡಲಿಲ್ಲವೋ ನಾನು ಕೇಳಲಿಲ್ಲ. ಪದ್ಮಕ್ಕ ಇರಬೇಕೆಂದು ನನಗಿತ್ತೋ, ಹೋಗಬೇಕೆಂದಿತ್ತೋ? ಅಡುಗೆಮನೆಯಲ್ಲಿ ಕೇಳಿದ್ದರೆ ಒಂದು ಉತ್ತರ ಬರುತ್ತಿತ್ತು, ಹಿತ್ತಲಿನಲ್ಲಿ ಕೇಳಿದ್ದರೆ ಇನ್ನೊಂದು. ನಾನು ಆಗ ವರಾಂಡದಲ್ಲಿದ್ದೆ. ಒಂದು ಮಾತ್ರ ನಿಚ್ಚಳವಾಗಿತ್ತು: ಆ ಬಳ್ಳಿ ಹೋದರೆ ಪದ್ಮಕ್ಕನನ್ನು ಈ ಮನೆಯಲ್ಲಿ ಹಿಡಿದಿಡುವುದಕ್ಕೆ ಬೆಂಡೆ, ದಂಟಿನಿಂದ ಆಗುವುದಿಲ್ಲ.

ಬೆಳಿಗ್ಗೆ ಅವರು ಸ್ನಾನ ಮಾಡಿ, ಒಂದು ಕಟ್ಟು ದಂಟಿನ ಸೊಪ್ಪು ಕೊಯ್ದು, ನನ್ನನ್ನೂ ಕರೆದುಕೊಂಡು ರಸ್ತೆ ದಾಟಿದರು. ಎದುರುಮನೆಯ ಮಹಡಿಯ ಬಾಗಿಲಲ್ಲಿ ಒಂದು ಕ್ಷಣ ನಿಂತರು. ವರ್ಷ ತುಂಬಿರಲಿಲ್ಲ. ಆಮೇಲೆ ಹೊಸಿಲು ದಾಟಿ ಒಳಗೆ ಕಾಲಿಟ್ಟರು. ರಾಘು ಮಂಚದ ಮೇಲೆ, ಪ್ಲಾಸ್ಟರಿನ ಕಾಲು ಎರಡು ದಿಂಬಿನ ಮೇಲೆ. ಪದ್ಮಕ್ಕ ಸೊಪ್ಪನ್ನು ಶಾಂತಾಳ ಕೈಗೆ ಕೊಟ್ಟು ನೆಲದ ಮೇಲೆ ಕೂತರು.

“ಕೀಳೋದು ಒಂದು ನಿಮಿಷದ ಕೆಲಸ ಕಣಮ್ಮ. ಆದರೆ ಕಿತ್ತಿದ್ದನ್ನ ಎಲ್ಲಿ ಹಾಕೋದು? ಗಂಡಸು ಇಲ್ಲಿ ಮಲಗಿರೋವಾಗ ಅಲ್ಲಿ ಅದು ಬಾಡ್ತಾ ಬಿದ್ದಿರೋದು ನನಗೆ ಸರಿ ಕಾಣ್ಲಿಲ್ಲ. ಅದಕ್ಕೇ ಹೇಳ್ತೀನಿ, ಬಲೀಲಿ ಬಿಡು. ಆ ಕಾಯಿ ನಾವು ತಿನ್ನಲ್ಲ, ನೀವೂ ತಿನ್ನಬೇಡಿ. ಇವನು ಎದ್ದು ಓಡಾಡೋ ದಿನ ಅದನ್ನೇ ಆ ಕಾರಿಗೆ ಇಳಿತೆಗೆದು ಒಡೆಯೋಣ. ಎಲ್ಲಿಂದ ಬಂತೋ ಅಲ್ಲಿಗೇ ಹೋಗ್ಲಿ.”

ಇದು ಯಾವ ಶಾಸ್ತ್ರದಲ್ಲಿದೆ ಎಂದು ಯಾರೂ ಕೇಳಲಿಲ್ಲ. ರಾತ್ರಿಯೆಲ್ಲ ಕೂತು ಅವರೇ ಮಾಡಿದ ಶಾಸ್ತ್ರ ಅದು.

ರಾಘು ಮಲಗಿದಲ್ಲಿಂದಲೇ, ಛಲೋ ಆತು, ಅಂಗಡ್ಯಾಗ ಕಾಯಿ ಹುಡುಕೋದು ತಪ್ಪಿತು ಅಂದ. ಹೆಂಡತಿ ಅವನ ಕಡೆ ಒಂದು ನೋಟ ಬಿಟ್ಟಳು.

“ಅಲ್ಲೀತನಾ ಏನಾರ ಆದ್ರ ಅಮ್ಮಾರ?”

“ಏನೂ ಆಗಲ್ಲ. ನಾನಿದ್ದೀನಲ್ಲ,” ಅಂದರು ಪದ್ಮಕ್ಕ.

ಹಿಂದಿನ ಸಂಜೆ ಮೈಸೂರಿಗೆ ಫೋನ್ ಮಾಡಿಸಲು ನಿಂತಿದ್ದವರು ಹೀಗೆ ಅಂದುಬಿಟ್ಟರು. ಮನೆಗೆ ಬಂದ ಮೇಲೆ ಬಕೆಟ್ಟು ಖಾಲಿಯಾಯಿತು.

ಅಂದಿನಿಂದ ಆ ಕಾಯಿಗೂ ರಾಘುವಿನ ಕಾಲಿಗೂ ಗಂಟು ಬಿತ್ತು. ಇಡೀ ಹಿತ್ತಲು ಬಿಟ್ಟು ಎಲ್ಲರ ಕಣ್ಣೂ ಅದೊಂದರ ಮೇಲೆ. ಕಾಯಿ ಉಳಿದರೆ ಕಾಲು ಕೂಡುತ್ತದೆ ಎಂದು ಶಾಂತಾ ನಂಬಿದ್ದಳು. ಅವಳು ಹಾಗೆ ನಂಬಿದ್ದಾಳೆಂದು ಗೊತ್ತಿದ್ದರಿಂದ ಪದ್ಮಕ್ಕನಿಗೆ ಅದು ಉಳಿಯಲೇಬೇಕಿತ್ತು. ಬಳ್ಳಿ ಕೀಳಿಸಲು ಬಂದಿದ್ದವಳು ಈಗ ದಿನಾ ಬೆಳಿಗ್ಗೆ ಅದನ್ನು ವಿಚಾರಿಸಿಕೊಳ್ಳಲು ಬರತೊಡಗಿದಳು. ಬಂದ ಮೊದಲ ದಿನವೇ, ದೊಡ್ಡದಾಗೇದಲ್ರಿ ಎಂದು ಬೆರಳು ತೋರಿಸಲು ಹೋಗಿ ಪದ್ಮಕ್ಕನಿಂದ ಕೈಮೇಲೆ ಏಟು ತಿಂದಳು. ಮಡಿಸು ಬೆರಳು, ಗಂಡನ ಕಾಲು ನೆಟ್ಟಗಾಗೋದು ಬೇಡವಾ ಎಂದು ಬೈಸಿಕೊಂಡಳು. ಆಮೇಲೆ ಅವಳೂ ಗೆಣ್ಣಿನಿಂದಲೇ ತೋರಿಸುತ್ತಿದ್ದಳು. ನೀರಿಲ್ಲದ ದಿನ ತನ್ನ ಮನೆಯ ಅಕ್ಕಿ ತೊಳೆದ ನೀರನ್ನು ಚೊಂಬಿನಲ್ಲಿ ತರುತ್ತಿದ್ದಳು. ಅವರಿಬ್ಬರೂ ಹಿತ್ತಲಿನ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತು ಜೋಳದ ರೊಟ್ಟಿ, ರಾಗಿ ರೊಟ್ಟಿಗಳ ಬಗ್ಗೆ ವಾದ ಮಾಡುವುದು ನನಗೆ ಅಡುಗೆಮನೆಗೆ ಕೇಳಿಸುತ್ತಿತ್ತು. ಪದ್ಮಕ್ಕ ಅಷ್ಟು ಮಾತಾಡುವವರೆಂದು ನನಗೆ ಗೊತ್ತೇ ಇರಲಿಲ್ಲ. ಹುಳಿಗೆ ಬೆಲ್ಲ ಹಾಕಬೇಕೋ ಬೇಡವೋ ಎಂಬುದೂ ಅಲ್ಲೇ ತೀರ್ಮಾನವಾಯಿತು. ಸಮಾ ಹಾಕ್ರಿ, ಅದಕ್ಕ್ಯಾಕ ಇಷ್ಟು ವಿಚಾರ ಎಂದು ಶಾಂತಾ ಹೇಳಿದಳು. ಹೆಚ್ಚೂ ಅಲ್ಲ, ಕಡಿಮೆಯೂ ಅಲ್ಲ, ನಾವು ಸಮಾ ಹಾಕಿದೆವು.

ಬಳ್ಳಿಯಲ್ಲಿ ಆಮೇಲೆ ಬಂದ ಹೂವುಗಳಿಗೂ ನಾನು ಸಿಸ್ಟರ್ ಅಗಾಥಾರ ಪಾಠ ಮಾಡಿದೆ. ಒಂದೂ ಕಚ್ಚಲಿಲ್ಲ. ಇದ್ದದ್ದು ಅದೊಂದೇ ಕಾಯಿ.

ಮೊದಲ ಮಳೆ ಬಂದದ್ದು ಏಪ್ರಿಲ್ ಕೊನೆಯಲ್ಲಿ, ಮಧ್ಯಾಹ್ನದ ಕಾಫಿಯ ಹೊತ್ತಿಗೆ. ಗಾಳಿ ಎದ್ದು ತಂತಿಯ ಮೇಲಿನ ಬಟ್ಟೆ ಒಳಗೆ ತರುವಷ್ಟರಲ್ಲಿ ಆಕಾಶ ಸ್ಲೇಟಿನ ಬಣ್ಣವಾಗಿ ಆಲಿಕಲ್ಲು ಶುರುವಾಯಿತು. ಮೊದಲು ಶೀಟಿನ ಮೇಲೆ ಟಣ್ ಟಣ್, ಆಮೇಲೆ ಒಂದೇ ಸಮನೆ. ಪದ್ಮಕ್ಕ ಹೊರಗೆ ಓಡಿದರು. ನಾನು ಛತ್ರಿ ತೆಗೆದುಕೊಂಡು ಹಿಂದೆ ಹೋದೆ, ಅದು ಎರಡು ಹೆಜ್ಜೆಗೆ ತಿರುಗಿ ಮಡಿಚಿಕೊಂಡಿತು. ಅವರು ಗೋಡೆಯ ಬುಡದಲ್ಲಿ ಕುಕ್ಕರಗಾಲಿನಲ್ಲಿ ಕೂತು, ಕಾಯಿಯ ಮೇಲೆ ಬಾಗಿ, ಬೆನ್ನು ಕೊಟ್ಟಿದ್ದರು. ಆಗ ನಮ್ಮ ಮನೆಯ ಪಕ್ಕದ ಓಣಿಯಿಂದ ಶಾಂತಾ ಬಂದಳು, ತಲೆಯ ಮೇಲೆ ಬಟ್ಟೆ ನೆನೆಸುವ ನೀಲಿ ಪ್ಲಾಸ್ಟಿಕ್ ಟಬ್ ಕವುಚಿಕೊಂಡು. ಟಬ್ಬನ್ನು ಕಾಯಿ ಮತ್ತು ಪದ್ಮಕ್ಕ ಇಬ್ಬರ ಮೇಲೂ ಹಿಡಿದಳು, ತಾನೂ ಅದರೊಳಗೆ ತೂರಿಕೊಂಡಳು. ಜಾಗವಿದೆ ಬಾ ಎಂಬಂತೆ ಪದ್ಮಕ್ಕ ನನ್ನ ಸೆರಗು ಹಿಡಿದು ಎಳೆದರು. ಮೂವರ ತಲೆಗಳು, ನಡುವೆ ಆ ಕಾಯಿ, ಮೇಲೆ ಟಬ್ಬಿನ ಮೇಲೆ ಕಲ್ಲಿನ ಬಡಿತ. ಏನೂ ಕೇಳಿಸುತ್ತಿರಲಿಲ್ಲ. ಪದ್ಮಕ್ಕನ ಭುಜ ಅಲುಗುತ್ತಿತ್ತು. ಅಳುತ್ತಿದ್ದಾರೆಂದುಕೊಂಡೆ. ನೋಡಿದರೆ ನಗುತ್ತಿದ್ದರು. ನಮ್ಮ ಮನೆಗೆ ಬಂದ ಮೇಲೆ ಅವರು ಹಾಗೆ ನಕ್ಕದ್ದನ್ನು ನಾನು ನೋಡಿರಲಿಲ್ಲ.

ಮಳೆ ನಿಂತಾಗ ತೋಟ ಮುಗಿದಿತ್ತು. ಬೆಂಡೆಗಿಡಗಳು ನಡು ಮುರಿದು ಬಿದ್ದಿದ್ದವು, ಹೀರೆಯ ಚಪ್ಪರ ಕುಸಿದಿತ್ತು, ಬದನೆಯಲ್ಲಿ ಎಲೆಯ ದಂಟು ಮಾತ್ರ ಉಳಿದಿತ್ತು. ಪಾತಿಗಳ ತುಂಬ ಬಿಳಿ ಕಲ್ಲು ಕರಗುತ್ತಿತ್ತು. ಯಜಮಾನರು ಬಂದು ಒಂದು ಕಲ್ಲು ಎತ್ತಿ ಬಾಯಿಗೆ ಹಾಕಿಕೊಂಡು ಕಾಯಿ ಹೇಗಿದೆ ಎಂದು ಕೇಳಿದರು. ಪದ್ಮಕ್ಕ ಸೆರಗಿನಿಂದ ಅದರ ಮೈ ಒರೆಸಿ ಗೆಣ್ಣಿನಿಂದ ತೋರಿಸಿದರು. ಬಳ್ಳಿಯ ಎಲೆಗಳೆಲ್ಲ ಜರಡಿಯಾಗಿದ್ದವು. ಕಾಯಿಗೆ ಒಂದು ಗೀರೂ ಇರಲಿಲ್ಲ.

ಮೇ ತಿಂಗಳು ಹೀಗೆ ಹೋಯಿತು: ಇತ್ತ ಕಾಯಿ ಬಲಿತು ಬೂದಿ ಕಟ್ಟುತ್ತ, ಅತ್ತ ಕಾಲು ಕೂಡುತ್ತ. ಯಾವುದು ಮೊದಲೆಂದು ನಾವು ಯಾರೂ ಬಾಯಿಬಿಟ್ಟು ಹೇಳಿಕೊಳ್ಳಲಿಲ್ಲ. ಪ್ಲಾಸ್ಟರ್ ತೆಗೆದರು. ಕಂಪನಿಯವರು ಕೆಲಸ ಇಟ್ಟುಕೊಂಡಿದ್ದರು. ಗ್ಯಾರೇಜಿನಿಂದ ಕಾರು ಬಂತು, ಬಾನೆಟ್ಟು ಮಾತ್ರ ಉಳಿದ ಮೈಗಿಂತ ಸ್ವಲ್ಪ ಹೆಚ್ಚು ಬೆಳ್ಳಗೆ. ರಾಘು ಕೋಲು ಹಿಡಿದು ಮಹಡಿಯ ಮೆಟ್ಟಿಲು ಇಳಿದ ಬೆಳಿಗ್ಗೆ ಪದ್ಮಕ್ಕ ಕಾಯಿಯ ತೊಟ್ಟನ್ನು ತಾವೇ ಕೊಯ್ದರು. ಎರಡೂ ಕೈಯಲ್ಲಿ ತಬ್ಬಿ ತಂದು, ಗೇಟಿನ ಒಳಗೇ ನಿಂತು, ಶಾಂತಾಳ ಕಡೆ ಚಾಚಿದರು. ಕೈಗೆ, ಸೀರೆಗೆ ಬೂದಿ ಮೆತ್ತಿತ್ತು.

“ನೀವ ಇಳಿತೆಗೀರಿ ಅಮ್ಮಾರ,” ಅಂದಳು ಶಾಂತಾ.

“ನಾನು ಬರಬಾರದು ಕಣೇ. ವರ್ಷ ತುಂಬಿಲ್ಲ.”

“ಹಂಗಾರ ನಮ್ಮನಿಗೆ ಹೆಂಗ ಬಂದ್ರಿ?”

ಪದ್ಮಕ್ಕ ನನ್ನ ಮುಖ ನೋಡಿದರು. ನಾನು ಗೇಟು ತೆಗೆದೆ. ಅವರು ರಸ್ತೆಗೆ ಇಳಿದು, ಶಾಂತಾ ತೂತು ಕೊರೆದು ಕುಂಕುಮ ತುಂಬಿದ ಮೇಲೆ, ಬೀದಿಯವರ ಎದುರಿಗೆ, ಕಾರಿಗೂ ಕಾರಿನ ಪಕ್ಕ ಕೋಲೂರಿ ನಿಂತವನಿಗೂ ಕೂಡಿಸಿಯೇ ಕಾಯಿಯನ್ನು ಇಳಿತೆಗೆದು ರಾಘುವಿನ ಕೈಗೆ ಕೊಟ್ಟರು. ಅವನು ಎತ್ತಿಹಾಕಿದ. ಅದು ಬಿದ್ದು ನಾಲ್ಕು ಕಡೆಗೆ ಹೋಯಿತು, ಕುಂಕುಮದ ನೀರು ಮೋರಿಯ ತನಕ ಹರಿಯಿತು, ಆ ವಾಸನೆ ಎದ್ದಿತು.

ಗ್ಯಾರೇಜಿನ ಹುಡುಗ ರಾಘುವನ್ನು ಕೂರಿಸಿಕೊಂಡು ಕಾರು ಓಡಿಸಿಕೊಂಡು ಹೋದ ಮೇಲೆ ಪದ್ಮಕ್ಕ ಪೊರಕೆ ತಂದರು. ಗುಡಿಸುವ ಮುಂಚೆ ಬಗ್ಗಿ ತಿರುಳಿನಿಂದ ಬೀಜ ಬಿಡಿಸಿ ಸೆರಗಿಗೆ ಹಾಕಿಕೊಳ್ಳುತ್ತಿದ್ದರು. ಶಾಂತಾ ಗಂಡನ ಜೊತೆ ಹೋಗಿರಲಿಲ್ಲ. ಮಹಡಿಯ ಮೆಟ್ಟಿಲ ಮೇಲೆ ನಿಂತು ಇದನ್ನು ನೋಡಿದಳು. ಈಗ ಏನಾದರೂ ಹೇಳುತ್ತಾಳೆಂದು ನಾನು ಕಾದೆ. ಅವಳು ಇಳಿದು ಬಂದು, ಕಾರು ನಿಂತಿದ್ದ ಜಾಗದಲ್ಲಿ ಕುಕ್ಕರಿಸಿ, ಚಕ್ರದ ಕೆಳಗೆ ಸಿಗದೆ ಉಳಿದಿದ್ದ ನಾಲ್ಕೈದು ಬೀಜ ಹೆಕ್ಕಿ ಪದ್ಮಕ್ಕನ ಸೆರಗಿಗೆ ಹಾಕಿದಳು.

ಮರುದಿನ ಒಗೆದ ಬಟ್ಟೆ ಇಡಲು ನಾನು ಬೀರು ತೆಗೆದೆ. ಪದ್ಮಕ್ಕನ ಖಾನೆಯ ಹಳದಿಯಾಗಿದ್ದ ಪೇಪರಿನ ಮೇಲೆ ಬೂದುಗುಂಬಳದ ಬೀಜಗಳನ್ನು ಒಂದಕ್ಕೊಂದು ತಾಗದ ಹಾಗೆ ಹರಡಿದ್ದರು. ಬೀಜ ಕೆಡದಿರಲು ಬೂದಿಯಲ್ಲಿ ಹೊರಳಿಸಬೇಕೆಂದು ಯಾರೋ ಹೇಳಿದ್ದಿರಬೇಕು. ಗ್ಯಾಸಿನ ಮನೆಯಲ್ಲಿ ಬೂದಿ ಎಲ್ಲಿಯದು, ದೇವರ ಮುಂದಿನ ಊದುಬತ್ತಿಯ ಬೂದಿಯನ್ನೇ ಸವರಿದ್ದರು. ಖಾನೆಯೆಲ್ಲ ಮಲ್ಲಿಗೆಯ ಊದುಬತ್ತಿಯ ವಾಸನೆ. ಅದರ ಪಕ್ಕದಲ್ಲಿ, ಬೀಜಕ್ಕೆ ತಾಗದಷ್ಟು ದೂರದಲ್ಲಿ, ಮಡಿಸಿದ ಅವರ ಎರಡು ಸೀರೆ ಇದ್ದವು.

ಬೀಜಕ್ಕೆ ಗಾಳಿಯಾಡಲೆಂದು ನಾನು ಬೀರುವಿನ ಬಾಗಿಲನ್ನು ಪೂರ್ತಿ ಮುಚ್ಚಲಿಲ್ಲ.